ಐದು ಪೌಂಡ್ ದಂಡ: ಒಂದು ಮೊಕದ್ದಮೆಯನ್ನು ಇತಿಹಾಸದ ತರಗತಿಗೆ ತಂದ ಬಗೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಮೊದಲ ಮಹಾಯುದ್ಧದ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಅವರ ಪಾಠಯೋಜನೆಗಳನ್ನು ತಿದ್ದುತ್ತ ಬಂದ ನನಗೆ ಅವುಗಳ ನಡೆ ಬಾಯಿಪಾಠವಾಗಿದೆ: ಕಾರಣಗಳು, ಯುದ್ಧದ ಗತಿ, ಪರಿಣಾಮಗಳು. 1918ರ ನವೆಂಬರ್ 11ಕ್ಕೆ ಕದನವಿರಾಮ. ಮರುಸಾಲಿನಲ್ಲೇ 1919ರ ಜೂನ್ 28ಕ್ಕೆ ವರ್ಸೇಲ್ಸ್ ಒಪ್ಪಂದ. ನಡುವಿನ ಏಳೂವರೆ ತಿಂಗಳು ಯಾರ ಟಿಪ್ಪಣಿಯಲ್ಲೂ ಇರುವುದಿಲ್ಲ. ಇಲ್ಲಿ ವಿವರಿಸುತ್ತಿರುವ ಪಾಠ ಆ ಏಳೂವರೆ ತಿಂಗಳ ಒಳಗೆ ಲಂಡನ್ನಿನಲ್ಲಿ ನಡೆದ ಒಂದು ಸಣ್ಣ ಮೊಕದ್ದಮೆಯನ್ನು ಕುರಿತದ್ದು. ಆರೋಪಿಯ ಹೆಸರು ಎಗ್ಲಂಟೈನ್ ಜೆಬ್. ಶತ್ರುದೇಶದ ಹಸಿದ ಮಕ್ಕಳ ಬಗ್ಗೆ ಕರಪತ್ರ ಹಂಚಿದ್ದಕ್ಕೆ ಆಕೆಗೆ ಐದು ಪೌಂಡ್ ದಂಡವಾಯಿತು.

ಮೊದಲು ಇದನ್ನು ಮಾದರಿ ಪಾಠವಾಗಿ ನಾನೇ ತೆಗೆದುಕೊಂಡೆ. ಆಮೇಲೆ ನಾಲ್ವರು ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆ ಬೋಧನಾಭ್ಯಾಸ ಶಾಲೆಗಳಲ್ಲಿ ಮಾಡಿದರು. ನಾಲ್ಕನ್ನೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಎರಡು ಅವಧಿ ಬೇಕು. ಒಂದೇ ಅವಧಿಗೆ ಇಳಿಸಲು ಹೊರಟವರ ಪಾಠ ಒಂದು ನೀತಿಕಥೆಯಾಗಿ ಮುಗಿಯಿತು. ಅದು ಯಾಕೆ ಹಾಗಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಶಿಕ್ಷಕರಿಗೆ ಬೇಕಾದ ವಿಷಯ

ಜೆಬ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಎಲ್ಸ್‌ಮಿಯರ್ ಎಂಬ ಊರಿನ ಅನುಕೂಲಸ್ಥ ಮನೆತನದಲ್ಲಿ. ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್‌ನಲ್ಲಿ ಇತಿಹಾಸ ಓದಿದರು. ಅನಂತರ ಲಂಡನ್ನಿನ ಸ್ಟಾಕ್‌ವೆಲ್ ಶಿಕ್ಷಕರ ತರಬೇತಿ ಕಾಲೇಜನ್ನು ಸೇರಿ, ಮಾರ್ಲ್‌ಬರೋ ಪಟ್ಟಣದ ಶಾಲೆಯೊಂದರಲ್ಲಿ ಬಡ ಮಕ್ಕಳಿಗೆ ಪಾಠ ಹೇಳಿದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ, ಆರೋಗ್ಯವೂ ಕೈಕೊಟ್ಟಿತು. ಸ್ವಲ್ಪ ಕಾಲದಲ್ಲೇ ಬಿಟ್ಟರು. ನಮ್ಮ ಪ್ರಶಿಕ್ಷಣಾರ್ಥಿಗಳು ಈ ವಿವರ ಕೇಳಿದ ಕೂಡಲೇ ನಗುತ್ತಾರೆ, ಆ ನಗುವಿನಲ್ಲಿ ಸ್ವಲ್ಪ ಸಮಾಧಾನವೂ ಇರುತ್ತದೆ. ಮುಂದೆ ಕೇಂಬ್ರಿಡ್ಜಿನಲ್ಲಿ ದಾನಧರ್ಮದ ಸಂಘವೊಂದರಲ್ಲಿ ದುಡಿದು, ಆ ಊರಿನ ಬಡತನವನ್ನು ಕುರಿತು 1906ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1913ರಲ್ಲಿ ಬಾಲ್ಕನ್ ಯುದ್ಧದ ನಿರಾಶ್ರಿತರಿಗೆ ನೆರವು ಒಯ್ದು ಮ್ಯಾಸಿಡೋನಿಯಕ್ಕೆ ಹೋಗಿಬಂದರು. ಯುದ್ಧ ಹಳ್ಳಿಗಳನ್ನು ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಎಂದಷ್ಟು ಮಕ್ಕಳಿಗೆ ಹೇಳಿದರೆ ಸಾಕು.

ಅವರ ತಂಗಿ ಡೊರೊಥಿ ಬಕ್ಸ್‌ಟನ್. ಮಹಾಯುದ್ಧದ ಕಾಲದಲ್ಲಿ ಈಕೆ ವಿದೇಶಿ ಪತ್ರಿಕೆಗಳನ್ನು ತರಿಸಿಕೊಳ್ಳಲು ಸರ್ಕಾರದ ಪರವಾನಗಿ ಪಡೆದು, ಜರ್ಮನಿ, ಆಸ್ಟ್ರಿಯ ಮೊದಲಾದ ದೇಶಗಳ ಪತ್ರಿಕೆಗಳಲ್ಲಿ ಬಂದದ್ದನ್ನು ಇಂಗ್ಲಿಷಿಗೆ ತಂದು ಕೇಂಬ್ರಿಡ್ಜ್ ಮ್ಯಾಗಜೀನ್‌ನಲ್ಲಿ ಪ್ರಕಟಿಸುತ್ತಿದ್ದರು. ಜೆಬ್ ಅದಕ್ಕೆ ಅನುವಾದ ಮಾಡಿಕೊಡುತ್ತಿದ್ದರು. ಲಂಡನ್ನಿನ ದಿನಪತ್ರಿಕೆಗಳಲ್ಲಿ ಕಾಣದ ಸುದ್ದಿ ಅಲ್ಲಿ ಕಾಣುತ್ತಿತ್ತು: ಶತ್ರುದೇಶದ ಜನ ಹಸಿದಿದ್ದಾರೆ.

ಹಸಿವಿಗೆ ಕಾರಣ ಹಲವು. ದುಡಿಯುವ ಗಂಡಸರೆಲ್ಲ ಸೈನ್ಯದಲ್ಲಿ, ಹೊಲಕ್ಕೆ ಗೊಬ್ಬರವಿಲ್ಲ, ಆಡಳಿತದ ಹಂಚಿಕೆ ಕೆಟ್ಟದ್ದು. ಇವೆಲ್ಲದರ ಮೇಲೆ ಬ್ರಿಟನ್ನಿನ ನೌಕಾ ದಿಗ್ಬಂಧನ. 1914ರಿಂದಲೇ ಬ್ರಿಟಿಷ್ ನೌಕಾಪಡೆ ಶತ್ರುದೇಶಗಳಿಗೆ ಹೋಗುವ ಸರಕನ್ನು ಸಮುದ್ರದಲ್ಲೇ ತಡೆಯುತ್ತಿತ್ತು. ತಡೆದದ್ದರಲ್ಲಿ ಆಹಾರವೂ ಸೇರಿತ್ತು. 1916-17ರ ಚಳಿಗಾಲದಲ್ಲಿ ಜರ್ಮನಿಯಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು, ದನಕ್ಕೆ ಹಾಕುತ್ತಿದ್ದ ಒಂದು ಬಗೆಯ ಗೆಡ್ಡೆಯನ್ನು ಜನ ತಿಂದು ಬದುಕಿದರು. ಕದನವಿರಾಮವಾದ ಮೇಲೂ ದಿಗ್ಬಂಧನ ತೆಗೆಯಲಿಲ್ಲ. 1919ರ ಮಾರ್ಚ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಮಾತುಕತೆಯಾಗಿ ಜರ್ಮನಿಗೆ ಆಹಾರ ಬಿಡಲು ಶುರುವಾಯಿತು. ಪೂರ್ತಿ ತೆರವಾದದ್ದು ಜುಲೈನಲ್ಲಿ, ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ.

ಸತ್ತವರ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವ ಆಸೆ ಶಿಕ್ಷಕರಿಗೆ ಬರುತ್ತದೆ. 1918ರ ಡಿಸೆಂಬರಿನಲ್ಲಿ ಜರ್ಮನಿಯ ಆರೋಗ್ಯ ಇಲಾಖೆ ದಿಗ್ಬಂಧನದಿಂದ ಸತ್ತ ನಾಗರಿಕರು 7,63,000 ಎಂದಿತು. ಹತ್ತು ವರ್ಷದ ಮೇಲೆ ಬಂದ ಅಧ್ಯಯನ 4,24,000 ಎಂದಿತು. ಬರೆಯುವುದಿದ್ದರೆ ಎರಡನ್ನೂ ಬರೆಯಿರಿ, ಮೊದಲನೆಯದು ಸೋತ ದೇಶ ಸಂಧಾನದ ಮೇಜಿಗೆ ಹೋಗುವ ಹೊತ್ತಿಗೆ ಕೊಟ್ಟ ಲೆಕ್ಕ ಎಂಬುದನ್ನೂ ಹೇಳಿ. ಒಂದನ್ನೇ ಬರೆದರೆ ಮಕ್ಕಳು ಅದನ್ನು ಪರೀಕ್ಷೆಗೆ ಬೇಕಾದ ಸಂಖ್ಯೆಯೆಂದು ಕೆಳಗೆ ಗೀಟು ಹಾಕಿಕೊಳ್ಳುತ್ತಾರೆ, ಅಷ್ಟೇ.

1919ರ ಜನವರಿಯಲ್ಲಿ ದಿಗ್ಬಂಧನ ತೆಗೆಯಬೇಕೆಂದು ಒತ್ತಾಯಿಸಲು ಲಂಡನ್ನಿನಲ್ಲಿ ಒಂದು ಮಂಡಳಿ ಹುಟ್ಟಿತು. 'ಕ್ಷಾಮದ ವಿರುದ್ಧ ಹೋರಾಡಿ' ಎಂಬ ಅರ್ಥ ಬರುವ ಹೆಸರು ಅದಕ್ಕೆ. ಅಕ್ಕ ತಂಗಿ ಇಬ್ಬರೂ ಅದರಲ್ಲಿದ್ದರು. ಹಸಿವಿನಿಂದ ಬಡಕಲಾದ ಆಸ್ಟ್ರಿಯದ ಒಂದು ಮಗುವಿನ ಚಿತ್ರವಿದ್ದ ಕರಪತ್ರವನ್ನು ಆ ವಸಂತದಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಹಂಚುವಾಗ ಜೆಬ್ ಅವರನ್ನು ಪೊಲೀಸರು ಹಿಡಿದರು. ಕರಪತ್ರದ ತಿರುಳು ಎರಡೇ ಮಾತು: ಈ ಮಗು ಹಸಿದಿದೆ, ಇದಕ್ಕೆ ನಮ್ಮ ದಿಗ್ಬಂಧನ ಕಾರಣ.

ಕಾನೂನು ಯಾವುದು? ಯುದ್ಧ ಶುರುವಾದ ನಾಲ್ಕೇ ದಿನಕ್ಕೆ, 1914ರ ಆಗಸ್ಟ್ 8ರಂದು ಬ್ರಿಟಿಷ್ ಸಂಸತ್ತು ಒಪ್ಪಿದ ರಾಜ್ಯರಕ್ಷಣಾ ಕಾಯಿದೆ. ಅದರ ಅಡಿಯಲ್ಲಿ ಸರ್ಕಾರ ಒಂದರ ಮೇಲೊಂದು ನಿಯಮ ಮಾಡುತ್ತ ಹೋಯಿತು. ಯುದ್ಧವನ್ನೋ ಶಾಂತಿ ಮಾತುಕತೆಯನ್ನೋ ಕುರಿತ ಕರಪತ್ರವನ್ನು ಅಚ್ಚಿಗೆ ಮುಂಚೆ ಸೆನ್ಸಾರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಅವುಗಳಲ್ಲಿ ಒಂದು. ಜೆಬ್ ಕಳಿಸಿರಲಿಲ್ಲ. ಮೇ 15ರಂದು ಲಂಡನ್ನಿನ ಮ್ಯಾನ್ಶನ್ ಹೌಸ್ ನ್ಯಾಯಾಲಯದಲ್ಲಿ ವಿಚಾರಣೆಯಾಯಿತು. ಮಂಡಳಿಯ ಇನ್ನೊಬ್ಬ ಸದಸ್ಯೆ ಬಾರ್ಬರಾ ಐರ್ಟನ್ ಗೌಲ್ಡ್ ಕೂಡ ಆರೋಪಿ. ಜೆಬ್ ತಮ್ಮ ವಾದವನ್ನು ತಾವೇ ಮಾಡಿದರು. ಕಾನೂನಿನ ಪ್ರಕಾರ ಗೆಲ್ಲಲಾರೆನೆಂದು ಗೊತ್ತಿದ್ದೂ ಮಕ್ಕಳ ಹಸಿವಿನ ಮಾತನ್ನೇ ಹಿಡಿದರು. ವರದಿಗಾರರ ಮೂಲಕ ಅದು ಊರಿಗೆ ಮುಟ್ಟಲಿ ಎಂಬುದು ಉದ್ದೇಶ. ತೀರ್ಪು: ತಪ್ಪಿತಸ್ಥೆ, ಐದು ಪೌಂಡ್ ದಂಡ. ಸರ್ಕಾರಿ ವಕೀಲ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ವಿಚಾರಣೆ ಮುಗಿದ ಮೇಲೆ ತಮ್ಮ ಜೇಬಿನಿಂದ ಐದು ಪೌಂಡ್ ತೆಗೆದು ಆಕೆಯ ಕೈಗಿತ್ತರು. ನಾಲ್ಕು ದಿನ ಕಳೆದು, ಮೇ 19ರಂದು, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತುಂಬಿದ ಸಭೆಯಲ್ಲಿ ಮಕ್ಕಳ ನೆರವಿಗೆ ಒಂದು ನಿಧಿ ಘೋಷಣೆಯಾಯಿತು. 'ಸೇವ್ ದ ಚಿಲ್ಡ್ರನ್' ಎಂಬ ಹೆಸರಿನಲ್ಲಿ ಇಂದಿಗೂ ಇರುವ ಸಂಸ್ಥೆ ಅದೇ. ಬಾಡ್ಕಿನ್ ಕೊಟ್ಟ ಐದು ಪೌಂಡನ್ನು ಅದರ ಮೊದಲ ದೇಣಿಗೆಯೆಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ.

ಮೊದಲ ಅವಧಿ: ಹಲಗೆಯ ಮೇಲೆ ಮೂರು ವಾಕ್ಯ

ಪೀಠಿಕೆಗೆ ಚಿತ್ರ ಬೇಡ. ಹಸಿದ ಮಗುವಿನ ಚಿತ್ರ ಹಿಡಿದು ತರಗತಿಗೆ ಹೋದ ಪ್ರಶಿಕ್ಷಣಾರ್ಥಿಯ ಪಾಠದಲ್ಲಿ ಮೊದಲ ಹತ್ತು ನಿಮಿಷ ಅಯ್ಯೋ ಪಾಪ ಎನ್ನುವುದರಲ್ಲೇ ಕಳೆಯಿತು. ಮರುಕ ಬಂದ ಮೇಲೆ ಪ್ರಶ್ನೆ ಕೇಳುವ ಮನಸ್ಸು ಮಕ್ಕಳಿಗಿರಲಿಲ್ಲ. ನಾನು ಹಲಗೆಯ ಮೇಲೆ ಮೂರು ವಾಕ್ಯ ಬರೆದು ಶುರು ಮಾಡುತ್ತೇನೆ.

ಆಸ್ಟ್ರಿಯದಲ್ಲಿ ಮಕ್ಕಳು ಹಸಿದಿದ್ದಾರೆ.
ಅವರಿಗೆ ಹಾಲು ಕಳಿಸಲು ಹಣ ಕೊಡಿ.
ಅವರ ಹಸಿವಿಗೆ ನಮ್ಮ ಸರ್ಕಾರದ ದಿಗ್ಬಂಧನ ಕಾರಣ.

ಈ ವಾಕ್ಯಗಳು ಪಾಠಕ್ಕಾಗಿ ನಾನು ಮಾಡಿಕೊಂಡವು, ಕರಪತ್ರದ ಅನುವಾದವಲ್ಲ. ಹಾಗೆಂದು ಮಕ್ಕಳಿಗೆ ಹೇಳಲೇಬೇಕು. ಪ್ರಶ್ನೆ ಒಂದೇ: "ನೀವೇ ಬ್ರಿಟಿಷ್ ಸರ್ಕಾರ ಅಂದುಕೊಳ್ಳಿ. ಈ ಮೂರರಲ್ಲಿ ಯಾವುದನ್ನು ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ?"

ಇಡೀ ತರಗತಿ ಮೂರನೆಯದು ಎನ್ನುತ್ತದೆ ಎಂದು ನಿರೀಕ್ಷಿಸಬೇಡಿ. ನನ್ನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಎರಡನೆಯದನ್ನು ಹೇಳಿದರು. ಕಾರಣವೂ ಕೊಟ್ಟರು: ಶತ್ರುವಿಗೆ ದುಡ್ಡು ಕೊಡಬಾರದಲ್ಲ ಸರ್. ಒಬ್ಬ ಹುಡುಗ ಮೊದಲನೆಯದೇ ಅಪಾಯ ಎಂದ. ಹಸಿದಿದ್ದಾರೆ ಅಂತ ಗೊತ್ತಾದರೆ ತಾನೆ ಉಳಿದ ಎರಡು ಹುಟ್ಟುವುದು ಎಂಬ ತರ್ಕ. ಅವನ ಮಾತನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಸೆನ್ಸಾರ್ ಎಂಬುದು ಹೇಗೆ ಯೋಚಿಸುತ್ತದೆ ಎಂದು ವಿವರಿಸುವಾಗ ಅದೇ ಉಪಯೋಗಕ್ಕೆ ಬಂತು.

ಚರ್ಚೆ ಒಂದು ಹಂತಕ್ಕೆ ಬಂದ ಮೇಲೆ ಆರೋಪವನ್ನು ಮುಂದಿಡಬೇಕು. ಜೆಬ್ ಮೇಲಿನ ಆರೋಪದಲ್ಲಿ ಹಾಲು ಕಳಿಸಿದರೆಂದಿಲ್ಲ, ಸುಳ್ಳು ಹೇಳಿದರೆಂದಿಲ್ಲ, ಸರ್ಕಾರವನ್ನು ಬೈದರೆಂದೂ ಇಲ್ಲ. ಸೆನ್ಸಾರಿನ ಒಪ್ಪಿಗೆ ಪಡೆಯಲಿಲ್ಲ ಎಂದಿದೆ. ಮಕ್ಕಳಿಗೆ ಇದು ತೀರ ಚಪ್ಪೆಯಾಗಿ ಕಾಣುತ್ತದೆ. "ಅಷ್ಟೇನಾ ಸರ್?" ಎಂದು ಮೂರು ಶಾಲೆಗಳಲ್ಲಿ ಮಕ್ಕಳು ಕೇಳಿದ್ದನ್ನು ಕೇಳಿದ್ದೇನೆ. ಪಾಠದ ನಡುಭಾಗ ಇದೇ. ಹಾಳೆಯ ಮೇಲೆ ಬರೆದ ಆರೋಪ ಒಂದು, ಮೊಕದ್ದಮೆ ಹೂಡುವಂತೆ ಮಾಡಿದ ಕಾರಣ ಇನ್ನೊಂದು. ಅದೇ ಕಾಲದಲ್ಲಿ ಎಷ್ಟೋ ಕರಪತ್ರಗಳು ಹಂಚಿಹೋಗಿರಬಹುದು. ಇದನ್ನೇ ಹಿಡಿದದ್ದು ಯಾಕೆ? ಒಪ್ಪಿಗೆಗೆ ಕಳಿಸಿದ್ದರೆ ಮೂರನೆಯ ವಾಕ್ಯ ಪಾಸಾಗುತ್ತಿತ್ತೇ? ಈ ಎರಡು ಪ್ರಶ್ನೆಗಳನ್ನು ಕೇಳಿ ಸುಮ್ಮನಿರಿ. ನಮ್ಮವರಿಗೆ ಸುಮ್ಮನಿರುವುದೇ ಕಷ್ಟ. ಐದು ಸೆಕೆಂಡಿನೊಳಗೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ಜೆಬ್ ತಪ್ಪೇ ಮಾಡಿರಲಿಲ್ಲ, ಅನ್ಯಾಯವಾಗಿ ಶಿಕ್ಷೆಯಾಯಿತು ಎಂದು ಹೇಳಿಬಿಟ್ಟರೆ ಪಾಠ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. ನಿಯಮ ಇತ್ತು, ಅವರು ಮುರಿದಿದ್ದರು, ಮುರಿದದ್ದನ್ನು ಅಲ್ಲಗಳೆಯಲಿಲ್ಲ. ರಾಜಕೀಯ ಮೊಕದ್ದಮೆ ಎಂದರೆ ಆರೋಪಿ ನಿರಪರಾಧಿ ಎಂದೇ ಅರ್ಥವಲ್ಲ. ಆರೋಪ ನಿಜವೂ ಆಗಿದ್ದು, ಮೊಕದ್ದಮೆ ರಾಜಕೀಯವೂ ಆಗಿರಬಹುದು. ಎರಡನ್ನೂ ಒಟ್ಟಿಗೆ ಹಿಡಿಯುವುದು ಹದಿನಾಲ್ಕು ವರ್ಷದ ಮಕ್ಕಳಿಗೆ ಆಗದ ಕೆಲಸವೇನೂ ಅಲ್ಲ. ನಾನು ಕಂಡಂತೆ ಬಿ.ಇಡ್. ತರಗತಿಗಿಂತ ಒಂಬತ್ತನೆಯ ತರಗತಿಯವರು ಇದನ್ನು ಬೇಗ ಹಿಡಿದರು. ಅವರಿಗೆ ದಿನನಿತ್ಯದ ಅನುಭವವಿದೆ: ಸಮವಸ್ತ್ರದ ಗುಂಡಿಯ ನೆಪದಲ್ಲಿ ಬೇರೆ ಯಾವುದೋ ಸಿಟ್ಟು ತೀರಿಸಿಕೊಳ್ಳುವುದು ಹೇಗೆಂದು ಅವರೇ ಉದಾಹರಣೆ ಕೊಟ್ಟರು. ಹಿಂದೆ ಕುಳಿತಿದ್ದ ತರಗತಿ ಶಿಕ್ಷಕರು ಆ ಹೊತ್ತಿಗೆ ಕಿಟಕಿಯ ಕಡೆ ನೋಡುತ್ತಿದ್ದರು.

ಈ ಅವಧಿಯಲ್ಲಿ ತಪ್ಪದೆ ಬರುವ ಇನ್ನೊಂದು ಪ್ರಶ್ನೆ, "ಯುದ್ಧ ಮುಗಿದಿತ್ತಲ್ಲ ಸರ್, ಯುದ್ಧದ ಕಾನೂನು ಹೇಗೆ ಹಾಕಿದರು?" ಎಂಬುದು. ಕೇಳದಿದ್ದರೆ ನೀವೇ ಕೇಳಿಸಿ. ಕದನವಿರಾಮವೆಂದರೆ ಗುಂಡು ನಿಲ್ಲಿಸುವ ಒಪ್ಪಂದ ಮಾತ್ರ; ಕಾನೂನಿನ ಲೆಕ್ಕದಲ್ಲಿ ಯುದ್ಧ ಇನ್ನೂ ನಡೆದಿತ್ತು. ಹಾಗಾಗಿ ದಿಗ್ಬಂಧನವೂ ಇತ್ತು, ಸೆನ್ಸಾರೂ ಇತ್ತು. ಕಾಲರೇಖೆಯ ಮೇಲೆ ನವೆಂಬರ್ 11, ಮೇ 15, ಜೂನ್ 28 ಮೂರನ್ನೂ ಗುರುತಿಸಿದರೆ ಖಾಲಿ ಜಾಗ ತುಂಬುತ್ತದೆ.

ಎದುರು ಪಕ್ಷದ ವಾದ

ಎರಡನೆಯ ಅವಧಿಯನ್ನು ಸರ್ಕಾರದ ಪರ ವಾದದಿಂದಲೇ ಶುರು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬ್ರಿಟನ್ ಆ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಷರತ್ತು ಒಪ್ಪಿಸಲು ದಿಗ್ಬಂಧನವೇ ಕೈಯಲ್ಲಿದ್ದ ಹಿಡಿತ ಎಂಬುದು ಅಧಿಕಾರದಲ್ಲಿದ್ದವರ ನಿಲುವು. ಆಲ್ಬರ್ಟ್ ಹಾಲ್ ಸಭೆಗೆ ಕೆಲವರು ಕೊಳೆತ ಸೇಬು ತಂದಿದ್ದರಂತೆ, ಶತ್ರುವಿನ ಮಕ್ಕಳ ಪರ ಮಾತಾಡುವವರಿಗೆ ಎಸೆಯಲು. ಅವರನ್ನು ದುಷ್ಟರೆಂದು ಚಿತ್ರಿಸಬೇಡಿ. ಮಗನನ್ನು ಕಳೆದುಕೊಂಡ ತಾಯಿಯೂ ಆ ಗುಂಪಿನಲ್ಲಿ ಇದ್ದಿರಬಹುದು.

ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: "ನಮ್ಮ ಮಾವ ಮಿಲಿಟರಿಯಲ್ಲಿದ್ದಾರೆ ಮಿಸ್. ಅವರು ಅಲ್ಲಿ ಜೀವ ಒತ್ತೆ ಇಟ್ಟಿರೋವಾಗ ಇಲ್ಲಿ ಯಾರಾದರೂ ಆ ಕಡೆ ಮಕ್ಕಳಿಗೆ ಹಾಲು ಕಳಿಸಿ ಅಂದರೆ ನಮ್ಮ ಅತ್ತೆಗೆ ಹೇಗಾಗಬೇಡ?" ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಒಂದು ಗಳಿಗೆ ತಡೆದು, "ಕೂತ್ಕೋ" ಎನ್ನದೆ, "ಈ ಮಾತನ್ನು ಜೆಬ್ ಮುಂದೆ ಹೇಳಿದ್ದರೆ ಅವರು ಏನು ಉತ್ತರ ಕೊಡಬಹುದಿತ್ತು? ಉತ್ತರ ಇಲ್ಲದೆಯೂ ಇರಬಹುದು" ಎಂದು ತರಗತಿಗೆ ಬಿಟ್ಟರು. ನಾಲ್ಕು ಪಾಠಗಳಲ್ಲಿ ನಾನು ಕಂಡ ಅತ್ಯುತ್ತಮ ಗಳಿಗೆ ಅದು. ಆ ಹುಡುಗಿಯನ್ನು ಒಪ್ಪಿಸಲು ಯಾರೂ ಹೊರಡಲಿಲ್ಲ. ಅವಳ ಪಕ್ಕದವಳು, ಮಗು ಯುದ್ಧ ಮಾಡಿಲ್ಲವಲ್ಲ ಎಂದಳು. ಇನ್ನೊಬ್ಬ, ಮಗು ದೊಡ್ಡದಾದರೆ ಮಾಡುತ್ತದಲ್ಲ ಎಂದ. ಚರ್ಚೆ ತೀರ್ಮಾನವಿಲ್ಲದೆ ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ 'ಪಾಠ ಮುಕ್ತಾಯವಾಗಲಿಲ್ಲ' ಎಂದು ಒಂದು ಕಡೆ ಗುರುತಿಸುವ ಕಾಲಮ್ಮಿದೆ. ನಾನು ಗುರುತಿಸಲಿಲ್ಲ.

ಐದು ಪೌಂಡಿನ ಕಥೆಯನ್ನು ಎಲ್ಲಿಡಬೇಕು

ನಾಲ್ವರಲ್ಲಿ ಒಬ್ಬರು ಬಾಡ್ಕಿನ್ ಹಣ ಕೊಟ್ಟ ಸಂಗತಿಯಿಂದಲೇ ಪಾಠ ಆರಂಭಿಸಿದರು. ಕಥೆ ಎಷ್ಟು ಚೆನ್ನಾಗಿದೆಯೆಂದರೆ ಮಕ್ಕಳು ಚಪ್ಪಾಳೆ ತಟ್ಟಿದರು. ಅನಂತರ ಕಾನೂನು, ದಿಗ್ಬಂಧನ, ಸೆನ್ಸಾರ್ ಯಾವುದೂ ತಲೆಗೆ ಹೋಗಲಿಲ್ಲ. ಕೊನೆಗೂ ಒಳ್ಳೆಯತನ ಗೆದ್ದಿತೆಂದು ಆಗಲೇ ಗೊತ್ತಾಗಿತ್ತಲ್ಲ. ಒಂದೇ ಅವಧಿಯ ಪಾಠ ನೀತಿಕಥೆಯಾಗುವುದು ಹೀಗೆಯೇ. ಮಕ್ಕಳಿಗೆ ಕಥೆ ಬೇಡವೆಂದು ನಾನು ಹೇಳುತ್ತಿಲ್ಲ. ಎರಡನೆಯ ಅವಧಿಯ ಕೊನೆಗೆ, ಅವರೇ ವಾದ ಮಾಡಿ ದಣಿದ ಮೇಲೆ ಹೇಳಿ. ಆಗ ಅದು ಬಹುಮಾನವಾಗಿ ಬರದೆ ಇನ್ನೊಂದು ಪ್ರಶ್ನೆಯಾಗಿ ಬರುತ್ತದೆ: ಹಣ ಕೊಟ್ಟ ಮನುಷ್ಯ ಮೊಕದ್ದಮೆಯನ್ನೇಕೆ ಬಿಡಲಿಲ್ಲ?

ಬಾಡ್ಕಿನ್ ಬಗ್ಗೆ ಒಂದು ಮಾತು ಸೇರಿಸಬಹುದು. 1916ರಲ್ಲಿ ಕಡ್ಡಾಯ ಸೈನಿಕ ಸೇವೆಯ ವಿರೋಧಿಗಳ ಮೇಲಿನ ಮೊಕದ್ದಮೆಯೊಂದರಲ್ಲಿ ವಾದಿಸುತ್ತ ಇವರು, ಯುದ್ಧ ತಪ್ಪೆಂದು ಎಲ್ಲರೂ ಭಾವಿಸಿದರೆ ಯುದ್ಧ ಮಾಡುವುದೇ ಸಾಧ್ಯವಾಗದು ಎಂಬರ್ಥದ ಮಾತಾಡಿದರು. ಶಾಂತಿವಾದಿಗಳು ಆ ಮಾತನ್ನೇ ಭಿತ್ತಿಪತ್ರ ಮಾಡಿ ಅಂಟಿಸಿದರು. ಯುದ್ಧಕಾಲದ ಕಾನೂನನ್ನು ವರ್ಷಗಟ್ಟಲೆ ಜಾರಿ ಮಾಡಿಸಿದ ವಕೀಲ ಈತ. 1920ರಲ್ಲಿ ದೇಶದ ಸರ್ಕಾರಿ ಅಭಿಯೋಜನೆಯ ನಿರ್ದೇಶಕರೂ ಆದರು. ಮನಸ್ಸು ಕರಗಿದ ಮನುಷ್ಯನೂ ಅವರೇ, ಕಾನೂನನ್ನು ಕರಗಿಸದ ಅಧಿಕಾರಿಯೂ ಅವರೇ.

ಅದೇ ತಿಂಗಳು, ನಮ್ಮ ಕಡೆ

ಹೋಲಿಕೆಗೆ ದೂರ ಹೋಗಬೇಕಿಲ್ಲ. ಭಾರತಕ್ಕೆ 1915ರಲ್ಲಿ ಬಂದ ಭಾರತ ರಕ್ಷಣಾ ಕಾಯಿದೆ ಬ್ರಿಟನ್ನಿನ ಅದೇ ಕಾಯಿದೆಯ ಅಚ್ಚಿನಲ್ಲಿ ಎರಕ ಹೊಯ್ದದ್ದು. ಯುದ್ಧ ಮುಗಿದ ಮೇಲೂ ಆ ಅಧಿಕಾರ ಉಳಿಯಲೆಂದು 1919ರ ಮಾರ್ಚ್‌ನಲ್ಲಿ ರೌಲತ್ ಕಾಯಿದೆ ಬಂತು. ಏಪ್ರಿಲ್ 13ಕ್ಕೆ ಜಲಿಯನ್‌ವಾಲಾಬಾಗ್. ಏಪ್ರಿಲ್ ಕೊನೆಗೆ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಬೆಂಜಮಿನ್ ಹಾರ್ನಿಮನ್ ಅವರನ್ನು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಹಿಡಿದು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಲಾಯಿತು. ಪಂಜಾಬಿನಲ್ಲಿ ನಡೆದದ್ದನ್ನು ಬಯಲು ಮಾಡುತ್ತಿದ್ದ, ಸತ್ಯಾಗ್ರಹವನ್ನು ಬೆಂಬಲಿಸುತ್ತಿದ್ದ ಇಂಗ್ಲಿಷ್ ಮನುಷ್ಯ ಆತ. ವಿಚಾರಣೆಯಿಲ್ಲ, ನ್ಯಾಯಾಲಯವಿಲ್ಲ, ದಂಡ ಕಟ್ಟಿ ಮನೆಗೆ ಹೋಗುವ ಅವಕಾಶವೂ ಇಲ್ಲ.

ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಲಂಡನ್, ಬಲಕ್ಕೆ ಮುಂಬಯಿ ಎಂದು ಬರೆದು ಮಕ್ಕಳಿಂದಲೇ ತುಂಬಿಸಿ. ಲಂಡನ್ನಿನ ಕಡೆ ನ್ಯಾಯಾಲಯ, ತನ್ನ ವಾದ ತಾನೇ ಮಾಡುವ ಅವಕಾಶ, ವರದಿಗಾರರು, ನಾಲ್ಕು ದಿನಕ್ಕೆ ಸಾರ್ವಜನಿಕ ಸಭೆ ಎಲ್ಲ ಬರುತ್ತದೆ. ಬಲಗಡೆ ಬರೆಯಲು ಹೆಚ್ಚೇನೂ ಇರುವುದಿಲ್ಲ. ಆ ಖಾಲಿತನವನ್ನು ಮಕ್ಕಳೇ ಗಮನಿಸುತ್ತಾರೆ. ಜೆಬ್ ಅವರ ಧೈರ್ಯ ಸಣ್ಣದೆಂದು ಇದರ ಅರ್ಥವಲ್ಲ. ಆ ಧೈರ್ಯಕ್ಕೆ ನಿಲ್ಲಲು ಒಂದು ಕಟಕಟೆ ಇತ್ತು, ಕೇಳಿಸಿಕೊಳ್ಳಲು ಒಂದು ಊರಿತ್ತು ಎಂಬುದು ತಿಳಿದರೆ ರೌಲತ್ ಕಾಯಿದೆಯ ಪಾಠವೂ ಬೇರೆಯಾಗಿ ಕಾಣುತ್ತದೆ.

'ರಾಜಕೀಯ ಬೇಡ' ಎನ್ನುವವರಿಗೆ

ಬೋಧನಾಭ್ಯಾಸ ಶಾಲೆಯೊಂದರ ಮುಖ್ಯೋಪಾಧ್ಯಾಯರು ಪಾಠಯೋಜನೆ ನೋಡಿ, ಪುಸ್ತಕದಲ್ಲಿಲ್ಲದ್ದು, ಅದೂ ಸರ್ಕಾರ, ಮೊಕದ್ದಮೆ ಎಂದೆಲ್ಲ ಇದೆ, ನಮಗೇಕೆ ಎಂದರು. ಅವರ ಅಂಜಿಕೆಯನ್ನು ತಳ್ಳಿಹಾಕುವುದು ಸರಿಯಲ್ಲ. ಶಾಲೆ ನಡೆಸುವವರು ಅವರು, ನಾವು ಎರಡು ವಾರ ಇದ್ದು ಹೋಗುವವರು. ಪ್ರಶಿಕ್ಷಣಾರ್ಥಿ ಅವರಿಗೆ ಕೊಟ್ಟ ಉತ್ತರ ನನಗೆ ಹಿಡಿಸಿತು: ರೌಲತ್ ಕಾಯಿದೆ ಪುಸ್ತಕದಲ್ಲಿದೆ ಸರ್, ಅದರ ಅಕ್ಕನ ಕಥೆ ಇದು. ಅನುಮತಿ ಸಿಕ್ಕಿತು. ಇಂದಿನ ಯಾವ ಮೊಕದ್ದಮೆಯನ್ನೂ ಶಿಕ್ಷಕರಾಗಿ ನಾವು ಹೆಸರಿಸಬೇಕಿಲ್ಲ, ಹೆಸರಿಸದಿರುವುದೇ ಒಳ್ಳೆಯದು. ಮಕ್ಕಳು ಹೆಸರಿಸಿದರೆ ಹಲಗೆಯ ಮೇಲಿನ ಎರಡು ಪ್ರಶ್ನೆಗಳನ್ನೇ ಅಲ್ಲಿಗೂ ಹಾಕಲು ಹೇಳಿ: ಬರೆದ ಆರೋಪ ಏನು, ಅದು ನಿಜವೇ? ಈ ವ್ಯಕ್ತಿಯನ್ನೇ ಹಿಡಿದದ್ದು ಯಾಕೆ? ಉತ್ತರ ಮನೆಯಲ್ಲಿ, ಪತ್ರಿಕೆ ಓದಿ, ಅವರು ಹುಡುಕಿಕೊಳ್ಳಲಿ.

ಬಿ.ಇಡ್. ತರಗತಿಗೆ ಮಾತ್ರ

ಇದು ಶಾಲಾಮಕ್ಕಳಿಗಲ್ಲ, ನಮ್ಮ ನಮ್ಮಲ್ಲಿ ಚರ್ಚಿಸಬೇಕಾದ್ದು. ಮಕ್ಕಳ ಹಕ್ಕುಗಳ ಘಟಕದಲ್ಲಿ ನಾವು ಒಂದು ಸಾಲು ಬರೆಸುತ್ತೇವೆ: 1924ರ ಜಿನೀವಾ ಘೋಷಣೆ, 1959ರ ವಿಶ್ವಸಂಸ್ಥೆಯ ಘೋಷಣೆ, 1989ರ ಒಡಂಬಡಿಕೆ, ಭಾರತದ ಸಮ್ಮತಿ 1992. ಈ ಸಾಲಿನ ಮೊದಲ ಕೊಂಡಿ ಅದೇ ಜೆಬ್ ಅವರ ಕೈಯಿಂದ ಬಂದದ್ದೆಂದು ಎಷ್ಟು ಮಂದಿಗೆ ಗೊತ್ತಿದೆ? ಮೊಕದ್ದಮೆಯಾಗಿ ನಾಲ್ಕು ವರ್ಷಕ್ಕೆ ಅವರು ಐದು ಅಂಶಗಳ ಕರಡು ಸಿದ್ಧಪಡಿಸಿದರು. 1924ರ ಸೆಪ್ಟೆಂಬರಿನಲ್ಲಿ ರಾಷ್ಟ್ರಸಂಘ ಅದನ್ನು ಒಪ್ಪಿತು. ಹಸಿದ ಮಗುವಿಗೆ ಉಣ್ಣಿಸಬೇಕು, ಕಷ್ಟಕಾಲದಲ್ಲಿ ನೆರವು ಮೊದಲು ಮಗುವಿಗೆ ಸಿಗಬೇಕು ಎಂಬವು ಅದರಲ್ಲಿವೆ. 1928ರ ಡಿಸೆಂಬರಿನಲ್ಲಿ ಜಿನೀವಾದಲ್ಲೇ ಅವರು ತೀರಿಕೊಂಡರು, 52ನೆಯ ವಯಸ್ಸಿಗೆ.

ಹಲಗೆಯ ಮೇಲಿನ ಮೂರು ವಾಕ್ಯಗಳನ್ನು ಈ ಘೋಷಣೆಯ ಪಕ್ಕದಲ್ಲಿಟ್ಟು ನೋಡಿ. ಮೊದಲ ಎರಡು ಅಲ್ಲಿ ನೆಲೆಯೂರಿವೆ. ಮೂರನೆಯದು ಇಲ್ಲ. ಹಸಿವಿಗೆ ಯಾರು ಕಾರಣ ಎಂಬುದರ ಸುದ್ದಿಯೇ ಅದರಲ್ಲಿಲ್ಲ. ಹೊಣೆಯನ್ನು ಹೊರಿಸಿದ್ದೂ ಸರ್ಕಾರಗಳ ಮೇಲಲ್ಲ, ಎಲ್ಲ ದೇಶಗಳ ಸ್ತ್ರೀಪುರುಷರ ಮೇಲೆ. ನಿಧಿಯೂ ಹಾಗೆಯೇ, ಪಕ್ಷ ಯಾವುದು ದೇಶ ಯಾವುದೆಂದು ನೋಡದೆ ಎಲ್ಲರಿಂದ ಹಣ ಪಡೆದು ಎಲ್ಲ ಕಡೆಯ ಮಕ್ಕಳಿಗೆ ಕೊಡುವುದೆಂದು ನಡೆಯಿತು. 1921ರ ರಷ್ಯಾ ಕ್ಷಾಮಕ್ಕೆ ಹಡಗು ಕಳಿಸಲು ಸಾಧ್ಯವಾದದ್ದು ಆ ನಿಲುವಿನಿಂದ. ಮೂರನೆಯ ವಾಕ್ಯ ಹಿಡಿದು ಕುಳಿತಿದ್ದರೆ ಹಡಗು ಹೊರಡುತ್ತಿತ್ತೇ? ಬಿಟ್ಟದ್ದರಿಂದ ನಷ್ಟವೇನೂ ಆಗಲಿಲ್ಲವೇ? ನನ್ನ ಅಭಿಪ್ರಾಯದಲ್ಲಿ ಅವರು ತಿಳಿದೇ ಮಾಡಿದ ಆಯ್ಕೆ ಅದು, ಮಕ್ಕಳ ಮಟ್ಟಿಗೆ ಸರಿಯಾದದ್ದು; ಆದರೆ ಮೂರನೆಯ ವಾಕ್ಯ ಹೇಳುವವರು ಬೇರೆ ಯಾರಾದರೂ ಇರಲೇಬೇಕಿತ್ತು. ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. ದಂಡದ ಭಯವೇ ಆ ವಾಕ್ಯವನ್ನು ಅಳಿಸಿತು, ಸರ್ಕಾರಕ್ಕೆ ಬೇಕಾದದ್ದೂ ಅದೇ ಎಂಬುದು ಅವರ ವಾದ. ಈ ವರ್ಷ ಇಬ್ಬರೂ ಒಂದೇ ತರಗತಿಯಲ್ಲಿ ನಿಂತು ಇದನ್ನು ವಾದಿಸಲಿದ್ದೇವೆ.

ಮೌಲ್ಯಮಾಪನ

ಮೂರು ಅಂಕದ ಪ್ರಶ್ನೆ ಒಂದನ್ನೇ ಕೊಟ್ಟೆವು: ಜೆಬ್ ತಪ್ಪಿತಸ್ಥರೇ? ಕಾರಣ ಸಹಿತ ಬರೆಯಿರಿ. ಮಾದರಿ ಉತ್ತರದಲ್ಲಿ ನಿಯಮ, ಉಲ್ಲಂಘನೆ, ಮೊಕದ್ದಮೆಯ ಉದ್ದೇಶ ಎಂದು ಮೂರು ಅಂಶಗಳಿದ್ದವು. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ಕಾನೂನಿನ ಪ್ರಕಾರ ಹೌದು. ಆದರೆ ಒಪ್ಪಿಗೆ ಕೇಳಿದ್ದರೆ ಕೊಡುತ್ತಿದ್ದರಾ ಅಂತ ಕೋರ್ಟು ಸರ್ಕಾರದವರನ್ನು ಕೇಳಬೇಕಾಗಿತ್ತು. ಅವರನ್ನು ಯಾರೂ ಕಟಕಟೆಗೆ ಕರೆಯಲಿಲ್ಲ.

ಉದ್ದೇಶವೆಂಬ ಪದ ಬಂದಿಲ್ಲವೆಂದು ಪ್ರಶಿಕ್ಷಣಾರ್ಥಿ ಎರಡು ಅಂಕ ಕೊಟ್ಟಿದ್ದರು. ವಿಮರ್ಶಾ ಸಭೆಯಲ್ಲಿ ಅರ್ಧ ಗಂಟೆ ಆ ಒಂದು ಅಂಕದ ಮೇಲೆಯೇ ಮಾತಾಯಿತು. ಮೂರು ಕೊಡಬೇಕೆಂದು ಕೊನೆಗೆ ಎಲ್ಲರೂ ಒಪ್ಪಿದರು; ಮಾದರಿ ಉತ್ತರದ ಮೂರನೆಯ ಅಂಶವನ್ನು 'ಆರೋಪದಲ್ಲಿ ಹೇಳದೆ ಬಿಟ್ಟದ್ದು ಏನು' ಎಂದು ತಿದ್ದಿದ್ದೇವೆ. ಮುಂದಿನ ತಂಡಕ್ಕೆ ಹೋಗುವ ಪ್ರತಿಯಲ್ಲಿ ಹಾಗೆಯೇ ಇರುತ್ತದೆ.